ಕ್ವಿಜ್ ಶುರುವಾದಾಗ ನಾನು ಮಲಗಿದ್ದೆ: ಗೂಗಲ್ ಕ್ಲೌಡ್ ಜೊತೆ ಮೂರು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಇದು ಹೊಗಳುವ ರಿವ್ಯೂ. ಬೈಯುವುದಕ್ಕೂ ಒಂದಷ್ಟು ಇದೆ, ಅದನ್ನು ದಾರಿಯಲ್ಲಿ ಬೈಯುತ್ತಾ ಹೋಗುತ್ತೇನೆ. ಆದರೆ ಮೂರು ವರ್ಷಕ್ಕಿಂತ ಜಾಸ್ತಿ ದಿನ ಗೂಗಲ್ ಕ್ಲೌಡ್ (ಗೂಗಲ್ ತನ್ನ ಕಂಪ್ಯೂಟರ್‌ಗಳನ್ನು ಬಾಡಿಗೆಗೆ ಕೊಡುವ ಸೇವೆ) ಮೇಲೆ ಒಂದು ಸಣ್ಣ ಸೈಟ್ ನಡೆಸಿ, ಬಿಲ್ ಕಟ್ಟಿ, ತಪ್ಪು ಮಾಡಿ, ತಿದ್ದಿಕೊಂಡ ಮೇಲೆ ತಕ್ಕಡಿ ಹೊಗಳಿಕೆಯ ಕಡೆಗೇ ವಾಲುತ್ತಿದೆ.

ನಮ್ಮದು ಆನ್‌ಲೈನ್ ಕ್ವಿಜ್ ನಡೆಸುವ ಸೈಟ್. ನಾನು ಮತ್ತು ಒಬ್ಬ ಗೆಳೆಯ, ಇಬ್ಬರೇ. ಇದರ ಟ್ರಾಫಿಕ್ ಒಂಥರಾ ವಿಚಿತ್ರ. ವಾರದ ಬಹುಪಾಲು ಹೊತ್ತು ಯಾರೂ ಬರುವುದಿಲ್ಲ, ನೊಣ ಹೊಡೆಯುತ್ತಾ ಕೂರಬೇಕು. ಕ್ವಿಜ್ ಶುರುವಾಗುವ ಹೊತ್ತಿಗೆ ಮಾತ್ರ ಎಲ್ಲರೂ ಒಂದೇ ನಿಮಿಷದಲ್ಲಿ ಬಾಗಿಲು ತಟ್ಟುತ್ತಾರೆ. ಇಪ್ಪತ್ತು ನಿಮಿಷ ಜಾತ್ರೆ. ಆಮೇಲೆ ಮತ್ತೆ ಖಾಲಿ.

ಮೊದಲು ಒಂದು ಹೋಸ್ಟಿಂಗ್ ಕಂಪನಿಯಿಂದ ಸರ್ವರ್ ಬಾಡಿಗೆಗೆ ತೆಗೆದುಕೊಂಡಿದ್ದೆವು. ಜಾತ್ರೆಗೆ ಸಾಕಾಗುವಷ್ಟು ದೊಡ್ಡದನ್ನು ತೆಗೆದುಕೊಂಡರೆ ಉಳಿದ ದಿನವೆಲ್ಲ ಸುಮ್ನೆ ದುಡ್ಡು ಸುರಿದಂತೆ. ಚಿಕ್ಕದು ತೆಗೆದುಕೊಂಡರೆ ಕ್ವಿಜ್ ಶುರುವಾದ ಎರಡನೇ ನಿಮಿಷಕ್ಕೆ ಸೈಟ್ ಮಲಗುತ್ತಿತ್ತು, ನಾವು ಎದ್ದು ಕೂರುತ್ತಿದ್ದೆವು. ಒಮ್ಮೆ ರಾತ್ರಿ ಎರಡು ಗಂಟೆಗೆ ಲಾಗ್ ಫೈಲುಗಳು (ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ದಿನಚರಿ) ತುಂಬಿ ಡಿಸ್ಕ್‌ನಲ್ಲಿ ಜಾಗವೇ ಇರಲಿಲ್ಲ. ಅವತ್ತು ಕಪ್ಪು ಪರದೆಯ ಮುಂದೆ ಕೂತು ಫೈಲ್ ಅಳಿಸುತ್ತಾ ನಾನು ಕೇಳಿಕೊಂಡ ಪ್ರಶ್ನೆ ಇಷ್ಟೇ: ಕ್ವಿಜ್ ನಡೆಸುವವನಿಗೆ ಡಿಸ್ಕ್ ತುಂಬಿದೆಯಾ ಅಂತ ನೋಡುವ ಕೆಲಸ ಯಾಕೆ?

ಹಾಗಾಗಿ ಈ ರಿವ್ಯೂದಲ್ಲಿ ನನ್ನ ಅಳತೆಗೋಲು ಒಂದೇ. ನನ್ನದಲ್ಲದ ಕೆಲಸವನ್ನು ಇದು ಎಷ್ಟರ ಮಟ್ಟಿಗೆ ನನ್ನ ತಲೆಯಿಂದ ಇಳಿಸಿತು? ಸರ್ವಿಸ್‌ಗಳ ಪಟ್ಟಿ ಎಷ್ಟು ಉದ್ದ, ಯಾರ ಹತ್ತಿರ ಎಷ್ಟು ಡೇಟಾ ಸೆಂಟರ್ ಇದೆ, ಇದೆಲ್ಲ ನನಗೆ ಬೇಕಿಲ್ಲ.

ಮೊದಲು ಕ್ಲೌಡ್ ರನ್, ಅಂದರೆ ನಮ್ಮ ಪ್ರೋಗ್ರಾಂ ಅನ್ನು ಓಡಿಸಿಕೊಡುವ ಸರ್ವಿಸ್. ನನ್ನ ಪ್ರಕಾರ ಈ ಇಡೀ ಪ್ಲಾಟ್‌ಫಾರ್ಮ್‌ನ ಅತ್ಯುತ್ತಮ ಸರ್ವಿಸ್ ಇದೇ. 2019ರಲ್ಲಿ ಬಂತು. ನೀವು ನಿಮ್ಮ ಪ್ರೋಗ್ರಾಂ ಅನ್ನು ಕಂಟೇನರ್ (ಓಡಲು ಬೇಕಾದ್ದೆಲ್ಲ ಜೊತೆಗೇ ಇರುವ ಪೆಟ್ಟಿಗೆ) ಮಾಡಿ ಕೊಡಬೇಕು, ಅದು ಅವರು ಹೇಳಿದ ಪೋರ್ಟ್‌ನಲ್ಲಿ (ಜನರ ಕೋರಿಕೆ ಒಳಗೆ ಬರುವ ಬಾಗಿಲಿನ ನಂಬರ್) ಕಿವಿ ತೆರೆದು ಕೂತಿರಬೇಕು. ಅಷ್ಟೇ ಷರತ್ತು. ಯಾವ ಭಾಷೆ, ಯಾವ ಫ್ರೇಮ್‌ವರ್ಕ್, ಒಳಗೆ ಏನು ತುರುಕಿದ್ದೀರಿ, ಅವರು ಕೇಳುವುದಿಲ್ಲ. ಒಂದು ಕಮಾಂಡ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಸಮೇತ ಒಂದು ವಿಳಾಸ ಕೈಗೆ ಬರುತ್ತದೆ. ಸರ್ಟಿಫಿಕೇಟ್ ತರುವುದು, ಅವಧಿ ಮುಗಿಯುವ ಮುಂಚೆ ನೆನಪಿಟ್ಟು ನವೀಕರಿಸುವುದು, ಯಾವುದೂ ಇಲ್ಲ. ಸರ್ಟಿಫಿಕೇಟ್ ಅವಧಿ ಮುಗಿದು ಸೈಟ್ ಕೆಂಪು ಎಚ್ಚರಿಕೆ ತೋರಿಸುವ ಅವಮಾನ ಅನುಭವಿಸಿದವರಿಗೆ ಇದರ ಬೆಲೆ ಗೊತ್ತು.

ಯಾರೂ ಬರದಿದ್ದರೆ ಇದು ಸೊನ್ನೆಗೆ ಇಳಿಯುತ್ತದೆ. ಸೊನ್ನೆ ಅಂದರೆ ನಿಜವಾಗಿಯೂ ಸೊನ್ನೆ, ಒಂದು ಕಂಟೇನರ್ ಕೂಡ ಓಡುತ್ತಿರುವುದಿಲ್ಲ, ಆ ಹೊತ್ತಿಗೆ ದುಡ್ಡೂ ಇಲ್ಲ. ಜನ ಬಂದರೆ ತಾನೇ ಎದ್ದು ಒಂದು, ಹತ್ತು, ನೂರು ಅಂತ ಬೆಳೆಯುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಲೆಕ್ಕ 100 ಮಿಲಿಸೆಕೆಂಡ್ ತುಣುಕುಗಳಲ್ಲಿ, ಅದೂ ರಿಕ್ವೆಸ್ಟ್ (ಸೈಟ್‌ಗೆ ಬರುವ ಒಂದೊಂದು ಕೋರಿಕೆ) ನಡೆಯುತ್ತಿರುವ ಹೊತ್ತಿಗೆ ಮಾತ್ರ. ಇದರ ಮೇಲೆ ತಿಂಗಳಿಗೆ 20 ಲಕ್ಷ ರಿಕ್ವೆಸ್ಟ್ ಉಚಿತ. ನಮ್ಮಂಥ ಜಾತ್ರೆ ಸೈಟ್‌ಗೆ ಇದು ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ.

ಇನ್ನೊಂದು ವಿಷಯಕ್ಕೆ ಜನ ಅಷ್ಟಾಗಿ ಗಮನ ಕೊಡುವುದಿಲ್ಲ. ಒಂದೊಂದು ಕಂಟೇನರ್ ಒಂದೇ ಸಲಕ್ಕೆ ಹಲವು ರಿಕ್ವೆಸ್ಟ್ ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ 80, ಬೇಕಾದರೆ 1000 ತನಕ ಏರಿಸಬಹುದು. ರಿಕ್ವೆಸ್ಟ್‌ಗೆ ಒಂದು ಅಂತ ಹೊಸದನ್ನು ಎಬ್ಬಿಸುವ ಫಂಕ್ಷನ್ ಸರ್ವಿಸ್‌ಗಳ ಜೊತೆ ಹೋಲಿಸಿ ನೋಡಿ. ನಮ್ಮ ಪ್ರೋಗ್ರಾಂ ಹೆಚ್ಚು ಹೊತ್ತು ಡೇಟಾಬೇಸ್ ಉತ್ತರಕ್ಕೆ ಕಾಯುತ್ತಾ ಕೂತಿರುತ್ತದೆ, ಆ ಕಾಯುವ ಹೊತ್ತಿನಲ್ಲಿ ಉಳಿದ 79 ಜನರನ್ನೂ ನೋಡಿಕೊಳ್ಳುತ್ತದೆ. ಬಿಲ್‌ನಲ್ಲಿ ಇದು ನೇರವಾಗಿ ಕಾಣಿಸುತ್ತದೆ.

ಮೊದಲ ದೊಡ್ಡ ಕ್ವಿಜ್ ದಿನ ನನಗೆ ಜ್ವರ. ಗೆಳೆಯ ಪ್ರಯಾಣದಲ್ಲಿದ್ದ. ಏನಾದರೂ ಆದರೆ ಫೋನ್ ಕೂಗುತ್ತದೆ ಅಂತ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದೆ. ಬೆಳಿಗ್ಗೆ ಎದ್ದು ಗ್ರಾಫ್ ನೋಡಿದರೆ ಗೆರೆ ನೆಲದಿಂದ ಗೋಡೆಯಂತೆ ಎದ್ದು, ಇಪ್ಪತ್ತು ನಿಮಿಷ ಮೇಲೆ ನಿಂತು, ಮತ್ತೆ ನೆಲಕ್ಕೆ ಬಿದ್ದಿತ್ತು. ನಾನು ಏನೂ ಮಾಡಿರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರೂ ಆಯಿತು, ಇಷ್ಟು ದಿನ ರಾತ್ರಿ ನಿದ್ದೆಗೆಟ್ಟು ನಾನು ಮಾಡುತ್ತಿದ್ದದ್ದು ಇಷ್ಟೇನಾ ಅಂತ.

ಹಾಗಂತ ಕಣ್ಣು ಮುಚ್ಚಿ ಏರಬೇಡಿ. ಸೊನ್ನೆಯಿಂದ ಏಳುವಾಗ ಮೊದಲು ಬಂದವನು ಕಾಯಬೇಕಾಗುತ್ತದೆ. ಪ್ರೋಗ್ರಾಂ ಭಾರವಾಗಿದ್ದರೆ ಕೆಲವು ಸೆಕೆಂಡ್‌ಗಳೇ ಹೋಗುತ್ತವೆ. ಕ್ವಿಜ್‌ಗೆ ಅರ್ಧ ಗಂಟೆ ಮುಂಚೆ ಕಂಟೇನರ್‌ಗಳ ಕನಿಷ್ಠ ಸಂಖ್ಯೆಯನ್ನು ಎರಡಕ್ಕೆ ಏರಿಸಿ, ಮುಗಿದ ಮೇಲೆ ಇಳಿಸುವಂತೆ, ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಶೆಡ್ಯೂಲರ್‌ಗೆ ಹೇಳಿದ್ದೇವೆ. ಗರಿಷ್ಠ ಸಂಖ್ಯೆಗೂ ಮಿತಿ ಹಾಕಿ. ಇಲ್ಲದಿದ್ದರೆ ಕಂಟೇನರ್‌ಗಳೇನೋ ನೂರಾಗುತ್ತವೆ, ಹಿಂದಿರುವ ಒಂದೇ ಒಂದು ಡೇಟಾಬೇಸ್ ಅಷ್ಟೂ ಕನೆಕ್ಷನ್ ತಡೆಯಲಾರದೆ ಕೈ ಎತ್ತುತ್ತದೆ. ಇನ್ನೊಂದು, ಡಿಸ್ಕ್ ಅಂತ ತಿಳಿದು ನೀವು ಬರೆಯುವ ಫೈಲು ನಿಜವಾಗಿ ಹೋಗಿ ಕೂರುವುದು ಮೆಮೊರಿಯಲ್ಲಿ. ನಮ್ಮ ಹಳೆಯ ಪ್ರೋಗ್ರಾಂ ಲಾಗನ್ನು ಫೈಲಿಗೆ ಬರೆಯುತ್ತಿತ್ತು, ಅದು ಮೆಮೊರಿ ನುಂಗಿ ನುಂಗಿ ಕಂಟೇನರ್ ಸಾಯುತ್ತಿತ್ತು, ನಾವು ಎರಡು ದಿನ ಮೆಮೊರಿ ಲೀಕ್ (ಬಳಸಿದ ಮೆಮೊರಿಯನ್ನು ಪ್ರೋಗ್ರಾಂ ವಾಪಸ್ ಕೊಡದಿರುವ ತಪ್ಪು) ಹುಡುಕಿದೆವು. ಅದೇ ಲಾಗ್ ಫೈಲ್ ಭೂತ! ಊರು ಬಿಟ್ಟರೂ ಬೆನ್ನು ಬಿಡಲಿಲ್ಲ. ತಪ್ಪು ನಮ್ಮದೇ, ಡಾಕ್ಯುಮೆಂಟೇಶನ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಹೊಸ ವರ್ಷನ್ ಹಾಕುವುದೂ ಇಲ್ಲಿ ಭಯ ಹುಟ್ಟಿಸುವುದಿಲ್ಲ. ಪ್ರತಿ ಡಿಪ್ಲಾಯ್ ಒಂದು ಹೊಸ ರಿವಿಷನ್ ಆಗಿ ಉಳಿಯುತ್ತದೆ, ಹಳೆಯದು ಎಲ್ಲೂ ಹೋಗುವುದಿಲ್ಲ. ನೂರರಲ್ಲಿ ಐದು ಜನರನ್ನು ಮಾತ್ರ ಹೊಸದಕ್ಕೆ ಕಳಿಸಿ ನೋಡಬಹುದು. ಸರಿ ಬರಲಿಲ್ಲವಾ, ಒಂದು ಕ್ಲಿಕ್‌ನಲ್ಲಿ ಎಲ್ಲರನ್ನೂ ಹಳೆಯದಕ್ಕೆ ವಾಪಸ್. ಶುಕ್ರವಾರ ಸಂಜೆ ಡಿಪ್ಲಾಯ್ ಮಾಡಬಾರದು ಅನ್ನುವ ನಿಯಮವನ್ನು ನಾವು ಈಗ ಪಾಲಿಸುವುದು ಬರೀ ಸಂಪ್ರದಾಯಕ್ಕೆ.

ಇನ್ನು ಬಿಗ್‌ಕ್ವೆರಿ, ರಾಶಿಗಟ್ಟಲೆ ಡೇಟಾ ತುಂಬಿ ಅದಕ್ಕೆ ಪ್ರಶ್ನೆ ಕೇಳುವ ಸರ್ವಿಸ್. ಇದರ ಬಗ್ಗೆ ಮಾತು ಶುರು ಮಾಡಿದರೆ ಗೆಳೆಯ ಎದ್ದು ಹೋಗುತ್ತಾನೆ, ಅಷ್ಟು ಸಲ ಹೇಳಿದ್ದೇನೆ.

ಕ್ವಿಜ್‌ನಲ್ಲಿ ಯಾರು ಯಾವ ಪ್ರಶ್ನೆಗೆ ಎಷ್ಟು ಹೊತ್ತು ತೆಗೆದುಕೊಂಡರು, ಮೊದಲು ಯಾವ ಉತ್ತರ ಒತ್ತಿ ಆಮೇಲೆ ಬದಲಿಸಿದರು, ಎಲ್ಲವನ್ನೂ ನಾವು ಸೇರಿಸಿ ಇಡುತ್ತೇವೆ. ವರ್ಷಗಳು ಕಳೆದಂತೆ ಇದು ಬೆಟ್ಟವಾಯಿತು. ಮಾಮೂಲಿ ಡೇಟಾಬೇಸ್‌ನಲ್ಲಿ ಒಂದು ಪ್ರಶ್ನೆ ಕೇಳಿ ಸ್ನಾನ ಮುಗಿಸಿ ಬಂದರೂ ಉತ್ತರ ಬಂದಿರುತ್ತಿರಲಿಲ್ಲ. ಅದನ್ನೇ ಬಿಗ್‌ಕ್ವೆರಿಗೆ ತುಂಬಿ ಕೇಳಿದೆ. ಒಂಬತ್ತು ಸೆಕೆಂಡ್. ನಾನು ಏನೋ ತಪ್ಪಾಗಿದೆ ಅಂತ ಮತ್ತೆ ಓಡಿಸಿದೆ. ಈ ಸಲ ತಕ್ಷಣ ಬಂತು! ಆಮೇಲೆ ಗೊತ್ತಾಯಿತು, ಒಂದೇ ಕ್ವೆರಿಯನ್ನು (ಡೇಟಾಗೆ ಕೇಳುವ ಪ್ರಶ್ನೆಯನ್ನು) ಮತ್ತೆ ಕೇಳಿದರೆ ಸುಮಾರು 24 ಗಂಟೆ ತನಕ ಹಳೆಯ ಉತ್ತರವನ್ನೇ ಉಚಿತವಾಗಿ ಕೊಡುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿದ್ದರೆ ಬಳಸುವ ರೀತಿಯೇ ಬದಲಾಗುತ್ತದೆ, ಅದಕ್ಕೇ ಸ್ವಲ್ಪ ಹೇಳುತ್ತೇನೆ. ಇದರ ಮೂಲ ಡ್ರೆಮೆಲ್ ಅನ್ನುವ ಸಿಸ್ಟಂ. ಗೂಗಲ್ ಒಳಗೆ 2006ರಿಂದಲೇ ಬಳಕೆಯಲ್ಲಿತ್ತು, 2010ರಲ್ಲಿ ಅದರ ಬಗ್ಗೆ ಪೇಪರ್ ಪ್ರಕಟಿಸಿದರು. ಟೇಬಲ್‌ನ ಸಾಲುಗಳನ್ನು ಒಂದರ ಕೆಳಗೆ ಒಂದು ಇಡುವ ಬದಲು ಇದು ಕಾಲಂ ಕಾಲಂ ಆಗಿ ಬೇರೆ ಬೇರೆ ಇಡುತ್ತದೆ. ನಿಮ್ಮ ಟೇಬಲ್‌ನಲ್ಲಿ ಐವತ್ತು ಕಾಲಂ ಇದ್ದು ನೀವು ಮೂರನ್ನು ಕೇಳಿದರೆ ಅದು ಓದುವುದು ಆ ಮೂರನ್ನು ಮಾತ್ರ. ಉಳಿದ ನಲವತ್ತೇಳನ್ನು ಮುಟ್ಟುವುದೇ ಇಲ್ಲ. ಜೊತೆಗೆ ಡೇಟಾ ಇರುವ ಜಾಗ ಬೇರೆ, ಲೆಕ್ಕ ಮಾಡುವ ಯಂತ್ರಗಳು ಬೇರೆ, ಎರಡರ ನಡುವೆ ಬಹಳ ವೇಗದ ನೆಟ್‌ವರ್ಕ್. ಹಾಗಾಗಿ ನಿಮ್ಮ ಒಂದು ಪ್ರಶ್ನೆಗೆ ಆ ಕ್ಷಣಕ್ಕೆ ಬೇಕಾದಷ್ಟು ಯಂತ್ರಗಳು ಸೇರಿಕೊಂಡು ಕೆಲಸ ಮುಗಿಸಿ ಚದುರುತ್ತವೆ. ನೀವು ಒಂದು ಸರ್ವರ್ ಕೂಡ ಆರಿಸುವುದಿಲ್ಲ, ಅದರ ಹೆಸರೂ ನಿಮಗೆ ಗೊತ್ತಿರುವುದಿಲ್ಲ.

ಹಣ ಹೋಗುವುದೂ ಇದೇ ಲೆಕ್ಕದಲ್ಲಿ, ಎಷ್ಟು ಡೇಟಾ ಓದಿತೋ ಅಷ್ಟಕ್ಕೆ. ತಿಂಗಳಿಗೆ ಮೊದಲ 1 ಟೆರಾಬೈಟ್ ಉಚಿತ, 10 ಗಿಗಾಬೈಟ್ ಇಟ್ಟುಕೊಳ್ಳುವುದೂ ಉಚಿತ. ಇಲ್ಲೇ ನಾನು ಜಾರಿ ಬಿದ್ದದ್ದು. ದೊಡ್ಡ ಟೇಬಲ್‌ನಲ್ಲಿ ಏನಿದೆ ಅಂತ ಸುಮ್ನೆ ಕಣ್ಣು ಹಾಯಿಸಲು ಸೆಲೆಕ್ಟ್ ಸ್ಟಾರ್ (ಎಲ್ಲ ಕಾಲಂ ಕೊಡು) ಬರೆದು ಕೊನೆಗೆ ಲಿಮಿಟ್ 10 (ಹತ್ತು ಸಾಲು ಸಾಕು) ಹಾಕುತ್ತಿದ್ದೆ. ಹತ್ತೇ ಸಾಲು ತಾನೇ, ಎಷ್ಟಾಗುತ್ತದೆ! ಸಾಮಾನ್ಯ ಟೇಬಲ್‌ನಲ್ಲಿ ಲಿಮಿಟ್ ಹಾಕಿದರೆ ತೋರಿಸುವ ಸಾಲು ಕಡಿಮೆಯಾಗುತ್ತದೆಯೇ ಹೊರತು ಓದುವ ಡೇಟಾ ಕಡಿಮೆಯಾಗುವುದಿಲ್ಲ. ಪ್ರತಿ ಸಲವೂ ಐವತ್ತೂ ಕಾಲಂ ಪೂರ್ತಿ ಓದಿ, ಹತ್ತು ಸಾಲು ನನ್ನ ಕೈಗಿಡುತ್ತಿತ್ತು. ತಿಂಗಳ ಉಚಿತ ಪಾಲು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದೆ.

ಪಾಪ, ಅದು ಮೊದಲೇ ಹೇಳಿತ್ತು. ಕ್ವೆರಿ ಬರೆದ ತಕ್ಷಣ, ಓಡಿಸುವ ಮುಂಚೆಯೇ, ಬಲಗಡೆ ಮೂಲೆಯಲ್ಲಿ ಇದು ಇಷ್ಟು ಗಿಗಾಬೈಟ್ ಓದುತ್ತದೆ ಅಂತ ತೋರಿಸುತ್ತದೆ. ನಾನು ನೋಡಿರಲಿಲ್ಲ ಅಷ್ಟೇ. ಕೆಲಸಕ್ಕೆ ಮುಂಚೆ ಖರ್ಚಿನ ಅಂದಾಜು ಹೇಳುವ ಸರ್ವಿಸ್ ಎಷ್ಟಿವೆ ಹೇಳಿ? ಬಹುತೇಕ ಕಡೆ ತಿಂಗಳ ಕೊನೆಗೆ ಬಿಲ್ ಬಂದಾಗಲೇ ಜ್ಞಾನೋದಯ. ಇದಕ್ಕಿಂತ ಜಾಸ್ತಿ ಬೈಟ್ ಓದಬೇಕಾದರೆ ಓಡಲೇಬೇಡ ಅಂತ ಕ್ವೆರಿಗೆ ಮಿತಿಯನ್ನೂ ಹಾಕಬಹುದು. ಈಗ ಟೇಬಲ್‌ಗಳನ್ನು ದಿನಾಂಕದ ಪ್ರಕಾರ ಭಾಗ ಮಾಡಿದ್ದೇವೆ, ಕಳೆದ ವಾರದ್ದು ಕೇಳಿದರೆ ಆ ಏಳು ದಿನದ ಭಾಗ ಮಾತ್ರ ತೆರೆಯುತ್ತದೆ. ಸುಮ್ನೆ ನೋಡಬೇಕು ಅನ್ನಿಸಿದರೆ ಪ್ರಿವ್ಯೂ ಅಂತ ಒಂದು ಟ್ಯಾಬ್ ಇದೆ, ಅದಕ್ಕೆ ದುಡ್ಡೇ ಇಲ್ಲ.

ಇನ್ನೊಂದು ಘಟನೆ. ಗೆಳೆಯ ಒಂದು ದಿನ ಡೇಟಾ ಬದಲಿಸುವ ಅಪ್‌ಡೇಟ್ ಕಮಾಂಡ್ ಬರೆಯುವಾಗ ಷರತ್ತು ತಪ್ಪಾಗಿ ಬರೆದು ಒಂದು ಇಡೀ ಸೀಸನ್ನಿನ ಅಂಕಗಳನ್ನೆಲ್ಲ ಸೊನ್ನೆ ಮಾಡಿಬಿಟ್ಟ. ಫೋನಿನಲ್ಲಿ ಅವನ ದನಿ ಕೇಳಿಯೇ ನನಗೆ ಗೊತ್ತಾಯಿತು. ಬಿಗ್‌ಕ್ವೆರಿಯಲ್ಲಿ ಮಾಮೂಲಿಯಾಗಿ ಕಳೆದ 7 ದಿನದೊಳಗಿನ ಯಾವ ಕ್ಷಣದ ಟೇಬಲ್ ಬೇಕೋ ಅದನ್ನು ಕೇಳಬಹುದು. ಒಂದು ಗಂಟೆ ಹಿಂದೆ ಈ ಟೇಬಲ್ ಹೇಗಿತ್ತೋ ಹಾಗೆ ಕೊಡು ಅಂತ ಕ್ವೆರಿಯಲ್ಲೇ ಒಂದು ಸಾಲು. ಅದನ್ನು ಬೇರೆ ಟೇಬಲ್‌ಗೆ ಬರೆದುಕೊಂಡು ಹಳೆಯದರ ಜಾಗಕ್ಕೆ ಇಟ್ಟೆವು. ಐದು ನಿಮಿಷದ ಕೆಲಸ. ಬ್ಯಾಕಪ್ ಎಲ್ಲಿದೆ, ಯಾವಾಗಿನದು, ಅದು ನಿಜಕ್ಕೂ ತೆರೆದುಕೊಳ್ಳುತ್ತದಾ ಅನ್ನುವ ಹಳೆಯ ಕಾಲದ ಎದೆಬಡಿತ ನೆನಪಿದೆ ಅಲ್ವಾ? ಈ ಸೌಲಭ್ಯಕ್ಕೆ ನಾವು ಏನೂ ಸೆಟಪ್ ಮಾಡಿರಲಿಲ್ಲ ಅನ್ನುವುದೇ ನನಗೆ ಮುಖ್ಯ. ತಾನಾಗಿಯೇ ಆನ್ ಇತ್ತು.

ಫೈಲ್ ಇಡುವ ಕ್ಲೌಡ್ ಸ್ಟೋರೇಜ್‌ನಲ್ಲೂ ಇದೇ ಬುದ್ಧಿ. 2024ರಿಂದ ಹೊಸ ಬಕೆಟ್‌ಗಳಲ್ಲಿ (ಫೈಲ್ ತುಂಬಿಡುವ ಡಬ್ಬಿಗಳಲ್ಲಿ) ಅಳಿಸಿದ ಫೈಲು ಮಾಮೂಲಿಯಾಗಿ 7 ದಿನ ವಾಪಸ್ ತರುವಂತೆ ಉಳಿದಿರುತ್ತದೆ. ಅಲ್ಲಿ ನನಗೆ ಇಷ್ಟವಾಗುವ ಇನ್ನೊಂದು ವಿಷಯ ಆರ್ಕೈವ್ ದರ್ಜೆ. ಅಪರೂಪಕ್ಕೆ ನೋಡುವ ಹಳೆಯ ಫೈಲುಗಳಿಗೆ ಅಂತ ಇರುವ, ಇಡುವ ಖರ್ಚು ತೀರಾ ಕಡಿಮೆಯಾದ ಜಾಗ. ಇಂಥ ಅಗ್ಗದ ಜಾಗದಲ್ಲಿ ಇಟ್ಟ ಫೈಲನ್ನು ಹೊರಗೆ ತೆಗೆಯಲು ಕೆಲವು ಕಡೆ ಗಂಟೆಗಟ್ಟಲೆ ಕಾಯಬೇಕು. ಇಲ್ಲಿ ಬೇರೆ ಯಾವ ಫೈಲ್ ತೆರೆದ ಹಾಗೆಯೇ ತಕ್ಷಣ ತೆರೆಯುತ್ತದೆ. ತೆಗೆದಾಗ ಜಾಸ್ತಿ ದುಡ್ಡು ಕೊಡಬೇಕು, 365 ದಿನಕ್ಕೆ ಮುಂಚೆ ಅಳಿಸಿದರೂ ಪೂರ್ತಿ ಅವಧಿಯ ದುಡ್ಡು ಕೊಡಬೇಕು, ಅದು ನೆನಪಿರಲಿ. ಅಟ್ಟಕ್ಕೆ ಹಾಕಿದ ಪಾತ್ರೆ ದಿನಾ ಇಳಿಸಬಾರದು, ಅಷ್ಟೇ.

ನೆಟ್‌ವರ್ಕ್ ಬಗ್ಗೆ ಹೇಳದಿದ್ದರೆ ಅನ್ಯಾಯ. ಇಲ್ಲಿ ಒಂದು ಖಾಸಗಿ ನೆಟ್‌ವರ್ಕ್ ಮಾಡಿದರೆ ಅದು ಇಡೀ ಭೂಮಿಗೇ ಒಂದು. ಅಮೆರಿಕದಲ್ಲಿರುವ ಯಂತ್ರ, ಯುರೋಪಿನಲ್ಲಿರುವ ಯಂತ್ರ, ಎರಡೂ ಒಂದೇ ನೆಟ್‌ವರ್ಕ್ ಒಳಗೆ ಒಳಗಿನ ವಿಳಾಸದಲ್ಲೇ ಮಾತಾಡುತ್ತವೆ. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ ವಿಪಿಸಿ ಅನ್ನುವ ಇಂಥ ಖಾಸಗಿ ನೆಟ್‌ವರ್ಕ್ ಒಂದು ರೀಜನ್‌ಗೆ (ಡೇಟಾ ಸೆಂಟರ್‌ಗಳಿರುವ ಒಂದು ಪ್ರದೇಶಕ್ಕೆ) ಸೀಮಿತ, ಎರಡು ರೀಜನ್ ಸೇರಿಸಬೇಕಾದರೆ ನಡುವೆ ನೀವೇ ಸೇತುವೆ ಕಟ್ಟಬೇಕು. ಗೂಗಲ್‌ನಲ್ಲಿ ಟ್ರಾಫಿಕ್ ಹಂಚುವ ಲೋಡ್ ಬ್ಯಾಲೆನ್ಸರ್ ಕೂಡ ಅವರ ನೆಟ್‌ವರ್ಕ್‌ನ ಹಾಗೇ. ಜಗತ್ತಿಗೆಲ್ಲ ಒಂದೇ ಐಪಿ ವಿಳಾಸ, ಬಳಸುವವರು ಎಲ್ಲಿದ್ದಾರೋ ಅವರ ಹತ್ತಿರದ ಜಾಗದಲ್ಲೇ ಗೂಗಲ್‌ನ ಸ್ವಂತ ಕೇಬಲ್ ಜಾಲದೊಳಗೆ ಬರುತ್ತಾರೆ. ನಾಳೆ ದೊಡ್ಡ ಟ್ರಾಫಿಕ್ ಬರುತ್ತದೆ, ಸ್ವಲ್ಪ ಬೆಚ್ಚಗೆ ಮಾಡಿಡಿ ಅಂತ ಯಾರಿಗೂ ಮೊದಲೇ ಹೇಳಬೇಕಿಲ್ಲ. ಸೊನ್ನೆಯಿಂದ ಸೆಕೆಂಡಿಗೆ ಹತ್ತು ಲಕ್ಷ ರಿಕ್ವೆಸ್ಟ್ ತನಕ ಹೀಗೆ ಏರಿಸಿ 2013ರಲ್ಲೇ ತೋರಿಸಿದ್ದರು.

ಹೀಗೆ ಎಲ್ಲವೂ ಜಗತ್ತಿಗೆ ಒಂದೇ ಆಗಿರುವುದಕ್ಕೆ ಇನ್ನೊಂದು ಮುಖವೂ ಇದೆ. 2025ರ ಜೂನ್ 12ರಂದು ಗೂಗಲ್ ಕ್ಲೌಡ್ ಜಗತ್ತಿನ ಎಲ್ಲ ಕಡೆ ಒಟ್ಟಿಗೆ ಎಡವಿತು. ರಿಕ್ವೆಸ್ಟ್‌ಗಳಿಗೆ ಅನುಮತಿ ಇದೆಯಾ ಅಂತ ನೋಡುವ ಸರ್ವಿಸ್ ಕಂಟ್ರೋಲ್ ಅನ್ನುವ ಭಾಗಕ್ಕೆ, ಕೆಲವು ಜಾಗ ಖಾಲಿ ಬಿಟ್ಟಿದ್ದ ಒಂದು ಪಾಲಿಸಿ ಡೇಟಾ ಹೋಯಿತು. ಆ ಡೇಟಾ ಕೆಲವೇ ಸೆಕೆಂಡ್‌ಗಳಲ್ಲಿ ಎಲ್ಲ ರೀಜನ್‌ಗಳಿಗೂ ಹರಡಿತು. ಖಾಲಿ ಜಾಗ ಸಿಕ್ಕಾಗ ಏನು ಮಾಡಬೇಕು ಅಂತ ಕೋಡ್‌ನಲ್ಲಿ ಬರೆದಿರಲಿಲ್ಲ. ಎಲ್ಲ ಕಡೆ ಒಂದೇ ಹೊತ್ತಿಗೆ ಕ್ರಾಶ್. ಕಾಲೇಜಿನ ಮೊದಲ ವರ್ಷದಲ್ಲಿ ಕಲಿಯುವ ನಲ್ ಪಾಯಿಂಟರ್ ತಪ್ಪು! ಆದರೆ ಆಮೇಲೆ ಅವರು ಬರೆದ ವರದಿ ಓದಿದೆ. ಆ ಕೋಡ್ ಯಾವಾಗ ಸೇರಿಸಿದ್ದು, ಅದನ್ನು ಸ್ವಲ್ಪ ಸ್ವಲ್ಪವಾಗಿ ಆನ್ ಮಾಡುವ ಸ್ವಿಚ್ ಇರಲಿಲ್ಲ, ಸರಿಪಡಿಸಿದ ಮೇಲೂ ಒಂದು ದೊಡ್ಡ ರೀಜನ್ ಯಾಕೆ ತಡವಾಗಿ ಎದ್ದಿತು, ಎಲ್ಲವನ್ನೂ ಬಿಚ್ಚಿ ಹೇಳಿದ್ದರು. ತಾಂತ್ರಿಕ ತೊಂದರೆಯಿಂದ ಅಡಚಣೆಯಾಗಿದೆ, ವಿಷಾದಿಸುತ್ತೇವೆ ಅಂತ ಎರಡು ಸಾಲು ಬರೆದು ಕೈ ತೊಳೆದುಕೊಳ್ಳುವವರನ್ನು ನೋಡಿ ನೋಡಿ ಸಾಕಾಗಿದ್ದ ನನಗೆ ಇದು ಗೌರವ ಹುಟ್ಟಿಸಿತು. ಕೋಪ ಬರಲಿಲ್ಲ ಅಂತಲ್ಲ. ಎರಡೂ ಬಂತು.

ವರ್ಚುವಲ್ ಮಷಿನ್‌ಗಳ (ದೊಡ್ಡ ಯಂತ್ರದೊಳಗೆ ಪಾಲು ಮಾಡಿ ಬಾಡಿಗೆಗೆ ಕೊಡುವ ಕಂಪ್ಯೂಟರ್‌ಗಳ) ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಾವು ಬಳಸುವುದೇ ಒಂದು. ಆದರೆ ಲೈವ್ ಮೈಗ್ರೇಶನ್ ಮಾತ್ರ ಮೆಚ್ಚಲೇಬೇಕು. ಕೆಳಗಿರುವ ನಿಜವಾದ ಯಂತ್ರವನ್ನು ರಿಪೇರಿ ಮಾಡಬೇಕಾದಾಗ ನಿಮ್ಮ ಮಷಿನ್ ಅನ್ನು ಓಡುತ್ತಿರುವಾಗಲೇ ಎತ್ತಿ ಇನ್ನೊಂದು ಯಂತ್ರದ ಮೇಲೆ ಇಡುತ್ತಾರೆ. ಮಲಗಿರುವ ಮಗುವನ್ನು ಎಚ್ಚರವಾಗದಂತೆ ಹಾಸಿಗೆ ಬದಲಿಸಿದ ಹಾಗೆ. ಹೀಗಾಗಿದೆ ಅಂತ ನನಗೆ ತಿಳಿದದ್ದು ಲಾಗ್‌ನಲ್ಲಿ ಸಿಕ್ಕ ಒಂದು ಸಾಲಿನಿಂದ. ಜಿಪಿಯು (ಗ್ರಾಫಿಕ್ಸ್, ಎಐ ಲೆಕ್ಕಗಳ ಚಿಪ್) ಹಾಕಿಸಿಕೊಂಡ ಮಷಿನ್‌ಗಳಿಗೆ ಈ ಭಾಗ್ಯ ಇಲ್ಲ, ಅವನ್ನು ನಿಲ್ಲಿಸಿಯೇ ಸಾಗಿಸುತ್ತಾರೆ.

ಪ್ರಾಜೆಕ್ಟ್ ಅನ್ನುವ ಕಲ್ಪನೆ ಇನ್ನೊಂದು ಸಣ್ಣ ದೊಡ್ಡ ವಿಷಯ. ನೀವು ಮಾಡುವ ಪ್ರತಿಯೊಂದೂ ಯಾವುದೋ ಒಂದು ಪ್ರಾಜೆಕ್ಟ್ ಒಳಗೆ ಇರಲೇಬೇಕು. ಹೊಸದೇನಾದರೂ ಪ್ರಯೋಗ ಮಾಡಬೇಕಾ, ಹೊಸ ಪ್ರಾಜೆಕ್ಟ್ ತೆರೆದು ಅದರೊಳಗೆ ಏನು ಬೇಕಾದರೂ ಕೆದಕಿ, ಸಾಕಾದ ಮೇಲೆ ಪ್ರಾಜೆಕ್ಟನ್ನೇ ಅಳಿಸಿಬಿಡಿ. ಒಳಗಿದ್ದ ಡಿಸ್ಕ್, ಐಪಿ, ಮರೆತುಹೋದ ಲೋಡ್ ಬ್ಯಾಲೆನ್ಸರ್, ಎಲ್ಲ ಒಟ್ಟಿಗೆ ಹೋಗುತ್ತವೆ. ಬೇರೆ ಕಡೆ ಪ್ರಯೋಗ ಮುಗಿದು ಆರು ತಿಂಗಳಾದ ಮೇಲೂ ಬಿಲ್‌ನಲ್ಲಿ ಒಂದು ಸಣ್ಣ ಮೊತ್ತ ಬರುತ್ತಲೇ ಇತ್ತು, ಅದು ಎಲ್ಲಿಂದ ಅಂತ ಕೊನೆಗೂ ಸಿಗಲಿಲ್ಲ. ತಪ್ಪಿ ಅಳಿಸಿದರೆ 30 ದಿನದೊಳಗೆ ಪ್ರಾಜೆಕ್ಟ್ ವಾಪಸ್ ತರಬಹುದು, ಆದರೆ ಒಳಗಿದ್ದದ್ದೆಲ್ಲ ಹಾಗೇ ಬರುತ್ತದೆ ಅಂತ ನಂಬಬೇಡಿ.

ಅನುಮತಿಗಳ ವಿಷಯ ಯಾವ ಕ್ಲೌಡ್‌ನಲ್ಲೂ ತಲೆನೋವೇ. ಇಲ್ಲಿ ಕೊನೇಪಕ್ಷ ಬಾಗಿಲು ಮುಚ್ಚಿದಾಗ ಬಹಳ ಸಲ ಯಾವ ಚಾವಿ ಬೇಕು ಅಂತ ಹೆಸರು ಹಿಡಿದು ಹೇಳುತ್ತದೆ, ಹುಡುಕಾಟ ಅರ್ಧ ತಪ್ಪುತ್ತದೆ. ಬ್ರೌಸರ್‌ನಲ್ಲೇ ತೆರೆಯುವ, ಕಮಾಂಡ್ ಕೊಡುವ ಪರದೆಯಾದ ಕ್ಲೌಡ್ ಶೆಲ್ ಕೂಡ ಉಚಿತ, ಅದರಲ್ಲಿ 5 ಗಿಗಾಬೈಟ್ ನಿಮ್ಮದೇ ಜಾಗ, ಬೇಕಾದ ಕಮಾಂಡ್‌ಗಳೆಲ್ಲ ಮೊದಲೇ ತುಂಬಿರುತ್ತವೆ. ಯಾರದೋ ಮದುವೆಗೆ ಹೋದಾಗ ಅಲ್ಲಿದ್ದವರ ಲ್ಯಾಪ್‌ಟಾಪ್ ಬೇಡಿ ತೆಗೆದುಕೊಂಡು ಅದರಿಂದಲೇ ಒಂದು ತಪ್ಪು ಸರಿ ಮಾಡಿದ್ದೇನೆ.

ಬಿಲ್ಲಿಂಗ್. ಮಷಿನ್‌ಗಳಿಗೆ 2017ರಿಂದ ಸೆಕೆಂಡ್ ಲೆಕ್ಕ, ಕನಿಷ್ಠ ಒಂದು ನಿಮಿಷ. ಕೆಲವು ಬಗೆಯ ಮಷಿನ್‌ಗಳನ್ನು ತಿಂಗಳ ಕಾಲು ಭಾಗಕ್ಕಿಂತ ಜಾಸ್ತಿ ಓಡಿಸಿದರೆ ತಾನಾಗಿಯೇ ರಿಯಾಯಿತಿ ಸಿಗುತ್ತಾ ಹೋಗುತ್ತದೆ, ಹಳೆಯ ಎನ್1 ಬಗೆಗೆ ಇದು ತಿಂಗಳಿಗೆ 30 ಶೇಕಡಾ ತನಕ. ಅರ್ಜಿ ಹಾಕಬೇಕಿಲ್ಲ, ವರ್ಷಗಟ್ಟಲೆ ಒಪ್ಪಂದ ಬೇಕಿಲ್ಲ. ಅಗ್ಗದ ಇ2 ಬಗೆಗೆ ಮಾತ್ರ ಇದು ಇಲ್ಲ.

ಇಲ್ಲೇ ನನ್ನ ದೊಡ್ಡ ದೂರೂ ಇದೆ. ಬಜೆಟ್ ಅಂತ ಒಂದು ಸೌಲಭ್ಯ ಇದೆ, ಹೆಸರು ನೋಡಿದರೆ ಆ ಮೊತ್ತ ದಾಟಿದರೆ ಎಲ್ಲ ನಿಲ್ಲುತ್ತದೆ ಅನ್ನಿಸುತ್ತದೆ. ನಿಲ್ಲುವುದಿಲ್ಲ. ಇಮೇಲ್ ಬರುತ್ತದೆ, ಅಷ್ಟೇ. ಮನೆಗೆ ನೀರು ನುಗ್ಗುತ್ತಿದೆ ಅಂತ ಪತ್ರ ಬರೆದು ತಿಳಿಸಿದ ಹಾಗೆ. ಸಂದೇಶ ಬಂದಾಗ ಬಿಲ್ಲಿಂಗ್ ಕಡಿದು ಹಾಕುವ ಒಂದು ಸಣ್ಣ ಪ್ರೋಗ್ರಾಂ ನೀವೇ ಬರೆದುಕೊಳ್ಳಬಹುದು, ಅದು ಹೇಗೆ ಅಂತ ಅವರ ಡಾಕ್ಯುಮೆಂಟೇಶನ್‌ನಲ್ಲೇ ಇದೆ, ಆದರೆ ಖರ್ಚಿನ ಲೆಕ್ಕ ತಡವಾಗಿ ಬರುವುದರಿಂದ ಅದನ್ನೂ ಪೂರ್ತಿ ನಂಬುವಂತಿಲ್ಲ. ಕಲಿಯುವವರಿಗೆ, ಹೊಸಬರಿಗೆ ಒಂದು ಗಟ್ಟಿ ಮಿತಿಯ ಸ್ವಿಚ್ ಕೊಡಲಿ ಅಂತ ಎಷ್ಟು ವರ್ಷದಿಂದ ಜನ ಕೇಳುತ್ತಿದ್ದಾರೆ! ಬಿಗ್‌ಕ್ವೆರಿಯಲ್ಲಿ ಇಷ್ಟು ಚೆನ್ನಾಗಿ ಮುಂಚೆಯೇ ಅಂದಾಜು ಹೇಳುವ ಮಂದಿ ಇಲ್ಲಿ ಯಾಕೆ ಹೀಗೆ?

ಇನ್ನೊಂದು ದೂರು ಹೆಸರು ಬದಲಿಸುವ ಚಟ. ಗ್ರಾಫ್, ವರದಿ ಮಾಡಲು ಡೇಟಾ ಸ್ಟುಡಿಯೋ ಅಂತ ಇದ್ದದ್ದು 2022ರಲ್ಲಿ ಲುಕರ್ ಸ್ಟುಡಿಯೋ ಆಯಿತು. ಕ್ಲೌಡ್ ಫಂಕ್ಷನ್ಸ್ ಹೋಗಿ 2024ರಲ್ಲಿ ಕ್ಲೌಡ್ ರನ್ ಫಂಕ್ಷನ್ಸ್ ಆಯಿತು. ಕಂಟೇನರ್‌ಗಳನ್ನು ಇಡುವ ಕಂಟೇನರ್ ರಿಜಿಸ್ಟ್ರಿಯಿಂದ ಆರ್ಟಿಫ್ಯಾಕ್ಟ್ ರಿಜಿಸ್ಟ್ರಿಗೆ ನಾವೂ ಗಂಟುಮೂಟೆ ಕಟ್ಟಿದೆವು. ಹಳೆಯ ಹೆಸರಿನಲ್ಲಿ ಹುಡುಕಿದರೆ ಹಳೆಯ ಉತ್ತರಗಳೇ ಸಿಗುತ್ತವೆ. ಹೆಸರು ಬದಲಾದರೆ ಹೋಗಲಿ, ಇಂಟರ್ನೆಟ್‌ಗೆ ಸೇರಿಸಿದ ಉಪಕರಣಗಳಿಗೆ ಅಂತ ಇದ್ದ ಐಒಟಿ ಕೋರ್ ಸರ್ವಿಸನ್ನು 2023ರ ಆಗಸ್ಟ್‌ನಲ್ಲಿ ಮುಚ್ಚಿಯೇ ಬಿಟ್ಟರು, ವರ್ಷ ಮುಂಚೆ ಹೇಳಿದ್ದರು ಅನ್ನುವುದು ನಿಜ. ಗೂಗಲ್ ಯಾವಾಗ ಏನು ಮುಚ್ಚುತ್ತದೋ ಅನ್ನುವ ಜನರ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೇ ನನ್ನ ಲೆಕ್ಕ ಹೀಗಿದೆ: ಅವರು ತಮ್ಮ ಕೆಲಸಕ್ಕೆ ಅಂತ ಕಟ್ಟಿಕೊಂಡು ಆಮೇಲೆ ನಮಗೂ ಕೊಟ್ಟ ಸರ್ವಿಸ್‌ಗಳನ್ನು ಧೈರ್ಯವಾಗಿ ಬಳಸುತ್ತೇನೆ. ಬೇರೆಯವರ ಹತ್ತಿರ ಇದೆ, ನಮ್ಮ ಹತ್ತಿರವೂ ಇರಲಿ ಅಂತ ಶುರು ಮಾಡಿದಂತೆ ಕಾಣುವುದರಿಂದ ಸ್ವಲ್ಪ ದೂರ ನಿಲ್ಲುತ್ತೇನೆ.

ರಾಶಿ ಕಂಟೇನರ್‌ಗಳನ್ನು ನಿಭಾಯಿಸುವ ಕುಬರ್ನೆಟಿಸ್ ಬಗ್ಗೆ ಯಾಕೆ ಹೇಳಲಿಲ್ಲ ಅಂತ ಕೇಳುವವರಿರುತ್ತಾರೆ. ಅದನ್ನು 2014ರಲ್ಲಿ ಜಗತ್ತಿಗೆ ಕೊಟ್ಟವರೇ ಗೂಗಲ್‌ನವರು, ಅದನ್ನು ಗೂಗಲ್ ಕ್ಲೌಡ್‌ನಲ್ಲಿ ಓಡಿಸಿಕೊಡುವ ಜಿಕೆಇ ಚೆನ್ನಾಗಿದೆ ಅಂತ ಬಳಸುವವರೆಲ್ಲ ಹೇಳುತ್ತಾರೆ. ಇಬ್ಬರು ನಡೆಸುವ ಕ್ವಿಜ್ ಸೈಟ್‌ಗೆ ಅದು ಇಲಿ ಹಿಡಿಯಲು ಆನೆ ತಂದ ಹಾಗೆ. ನಾವು ಮುಟ್ಟಿಲ್ಲ.

ಸಪೋರ್ಟ್ ಬಗ್ಗೆ ಒಂದೇ ಮಾತು. ದುಡ್ಡು ಕೊಡದಿದ್ದರೆ ತಾಂತ್ರಿಕ ವಿಷಯಕ್ಕೆ ಮನುಷ್ಯರು ಸಿಗುವುದಿಲ್ಲ, ಬಿಲ್ಲಿಂಗ್ ವಿಷಯಕ್ಕೆ ಸಿಗುತ್ತಾರೆ.

ಈಚೆಗೆ ಗೆಳೆಯ ಕೇಳಿದ, ಇಷ್ಟೆಲ್ಲ ಇವರನ್ನೇ ನಂಬಿಕೊಂಡರೆ ನಾಳೆ ಹೊರಗೆ ಹೋಗಬೇಕಾದರೆ ಹೇಗೆ ಅಂತ. ಒಳ್ಳೆಯ ಪ್ರಶ್ನೆ. ಖಾತೆ ಮುಚ್ಚಿ ಪೂರ್ತಿ ಬಿಟ್ಟು ಹೋಗುವವರಿಗೆ ಡೇಟಾ ಹೊರಗೆ ಸಾಗಿಸುವ ಶುಲ್ಕವನ್ನು 2024ರ ಜನವರಿಯಲ್ಲಿ ತೆಗೆದಿದ್ದಾರೆ, ಮೊದಲು ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ನಮ್ಮ ಸೈಟ್ ಬರೀ ಒಂದು ಕಂಟೇನರ್. ಪರೀಕ್ಷೆಗೆ ಅಂತ ಬೇರೆ ಕಂಪನಿಯ ಮಷಿನ್ ಮೇಲೆ ಹಾಕಿ ನೋಡಿದೆ, ಒಂದು ಮಧ್ಯಾಹ್ನದಲ್ಲಿ ಓಡಿತು. ಆಮೇಲೆ ಬಿಗ್‌ಕ್ವೆರಿಯ ಕ್ವೆರಿಗಳನ್ನು ಬೇರೆ ಡೇಟಾಬೇಸ್‌ಗೆ ಬದಲಿಸಲು ಕೂತೆ. ಮೊದಲ ದಿನ ನಾಲ್ಕು ಕ್ವೆರಿ ಆಯಿತು. ಎರಡನೇ ದಿನ ಐದನೆಯದನ್ನು ಓಡಿಸಿ ಸ್ನಾನಕ್ಕೆ ಹೋದೆ, ಬಂದು ನೋಡಿದರೆ ಇನ್ನೂ ತಿರುಗುತ್ತಿತ್ತು. ಲ್ಯಾಪ್‌ಟಾಪ್ ಮುಚ್ಚಿದೆ.